ಮಾಂಸದ ಕೋಳಿಗೆ ಬದಲಿ ಸಸಾರಜನಕ ಆಹಾರಗಳು ಮತ್ತು ಕಿಣ್ವಗಳು

(ಬೆಳ್ಳಾವಿ ಹೋಬಳಿಯ ಕೋಳಿ ಸಾಕಣೆದಾರರಿಗಾಗಿ ಸಿದ್ಧಪಡಿಸಿದ ಭಾಷಣ)



ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಹೋಗಿ ಹಿಂಡಿ ಅಂಗಡಿಯ ಮುಂದೆ ನಿಂತ ಕೋಳಿ ಸಾಕಣೆದಾರರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಚೀಲಕ್ಕೆ ಎಷ್ಟು? ಪ್ರೋಟೀನು ಎಷ್ಟು? ಇವೆರಡಕ್ಕೂ ಉತ್ತರ ಸಿಕ್ಕರೂ ಆ ಹಿಂಡಿಯಿಂದ ಕೋಳಿಯ ಮೈಗೆ ಹತ್ತುವುದೆಷ್ಟು ಎಂಬುದು ತಿಳಿಯುವುದಿಲ್ಲ. ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಆ ಪ್ರೋಟೀನಿನಲ್ಲಿ ಲೈಸಿನ್ ಎಷ್ಟಿದೆ, ಅದರಲ್ಲಿ ಜೀರ್ಣವಾಗುವುದೆಷ್ಟು? ಈ ಪ್ರಶ್ನೆ ಕೇಳದೆ ಅಗ್ಗದ ಹಿಂಡಿ ತಂದವರು ಲಾಭವೆಂದು ತಿಳಿದದ್ದು ತೂಕದ ದಿನ ನಷ್ಟವಾಗಿ ಕಾಣುವುದುಂಟು.

ಮಾಂಸದ ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಮೂರನೇ ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ಆಹಾರದಲ್ಲಿ ಹೆಚ್ಚು ಬೆಲೆಯದು ಸಸಾರಜನಕ, ಅಂದರೆ ಪ್ರೋಟೀನ್ ಒದಗಿಸುವ ವಸ್ತು. ಹಿಂದೆ ಈ ಕೆಲಸವನ್ನು ಕಡಲೆಕಾಯಿ ಹಿಂಡಿಯೂ ಒಣಮೀನೂ ಮಾಡುತ್ತಿದ್ದವು. ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಸೋಯಾ ಅವರೆಯ ಬೆಳೆ ಹೆಚ್ಚಿದ ಮೇಲೆ ಆ ಸ್ಥಾನವನ್ನು ಸೋಯಾ ಹಿಂಡಿ ಹಿಡಿಯಿತು. ನಮ್ಮ ರಾಜ್ಯದಲ್ಲಿ ಸೋಯಾ ಹೆಚ್ಚಾಗಿ ಬೆಳೆಯುವುದು ಬೀದರ್, ಬೆಳಗಾವಿ, ಧಾರವಾಡ ಕಡೆ. ತುಮಕೂರಿನ ಸಾಕಣೆದಾರನಿಗೆ ಅದು ದೂರದ ಸರಕು, ಬೆಲೆಯೂ ದೂರದ ಇಂದೋರಿನ ಪೇಟೆಯಲ್ಲಿ ಕಟ್ಟುವಂಥದು. 2021ರಲ್ಲಿ ಈ ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ಎರಡರಷ್ಟಕ್ಕೂ ಮೀರಿ ಏರಿತು. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಿಸಲು ಅನುಮತಿ ಕೊಡಬೇಕಾಯಿತು. ಮುಂದೆ ಬೆಲೆ ಇಳಿದದ್ದೂ ನಿಜ. ಆದರೆ ಒಂದೇ ಹಿಂಡಿಯನ್ನು ನಂಬಿ ಕೂತವರಿಗೆ ಆ ವರ್ಷ ಹೇಗಿತ್ತೆಂಬುದು ಸಾಕಣೆದಾರರಿಗೆ ನೆನಪಿರಬಹುದು. ಬದಲಿ ಆಹಾರಗಳ ವಿಚಾರ ಹುಟ್ಟುವುದು ಇಲ್ಲಿಂದ.

ಕೋಳಿಗೆ ಬೇಕಾದದ್ದು ಸಸಾರಜನಕವೆಂಬ ಒಂದು ವಸ್ತುವಲ್ಲ, ಅದರೊಳಗಿನ ಅಮೈನೋ ಆಮ್ಲಗಳು. ಮುಖ್ಯವಾದವು ಎರಡು, ಲೈಸಿನ್ ಮತ್ತು ಮೆಥಿಯೋನಿನ್. ಭಾರತೀಯ ಮಾನಕ ಸಂಸ್ಥೆಯ 2007ರ ನಿಯಮದಂತೆ ಮೊದಲ ವಾರದ ಮರಿಯ ಆಹಾರದಲ್ಲಿ ಶೇಕಡ 23 ಸಸಾರಜನಕ, 1.3 ಲೈಸಿನ್ ಇರಬೇಕು. ಎರಡು ಮತ್ತು ಮೂರನೆಯ ವಾರದಲ್ಲಿ ಇವು ಶೇಕಡ 22 ಮತ್ತು 1.2. ಆಮೇಲಿನ ಮುಗಿತಾಯದ ಆಹಾರದಲ್ಲಿ ಶೇಕಡ 20 ಮತ್ತು 1.0. ಗೋಡೆ ಕಟ್ಟುವಾಗ ಇಟ್ಟಿಗೆ ರಾಶಿ ಬಿದ್ದಿದ್ದರೂ ಗಾರೆ ಮುಗಿದರೆ ಕೆಲಸ ನಿಲ್ಲುತ್ತದಲ್ಲವೇ? ಹಾಗೆಯೇ ಲೈಸಿನ್ ಸಾಲದಿದ್ದರೆ ಉಳಿದ ಸಸಾರಜನಕವೆಷ್ಟಿದ್ದರೂ ಮಾಂಸವಾಗುವುದಿಲ್ಲ. ಅದು ಹಿಕ್ಕೆಯಾಗಿ ಹಾಸಿನ ಮೇಲೆ ಬಿದ್ದು ಅಮೋನಿಯ ವಾಸನೆಯಾಗಿ ಶೆಡ್ಡಿನಲ್ಲಿ ತುಂಬುತ್ತದೆ. ಬೆಳಿಗ್ಗೆ ಪರದೆ ಎತ್ತಿದಾಗ ಕಣ್ಣು ಉರಿಯುವ ಶೆಡ್ಡುಗಳಲ್ಲಿ ಹಾಸಿನ ತೇವದ ಜೊತೆಗೆ ಆಹಾರದ ಈ ದೋಷವನ್ನೂ ನೋಡಬೇಕು.

ಇದನ್ನು ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಸೋಯಾ ಹಿಂಡಿಯಲ್ಲಿ ಸಸಾರಜನಕ ಶೇಕಡ 44ರಿಂದ 48, ಲೈಸಿನ್ ಸುಮಾರು 2.8. ಕಡಲೆಕಾಯಿ ಹಿಂಡಿಯಲ್ಲಿ ಸಸಾರಜನಕ ಶೇಕಡ 40ರಿಂದ 45, ಅಂದರೆ ಹೆಚ್ಚು ಕಡಿಮೆ ಸಮಸಮ. ಆದರೆ ಲೈಸಿನ್ 1.5ರ ಸುಮಾರು. ಒಂದು ಟನ್ ಆಹಾರದಲ್ಲಿ 100 ಕೆ.ಜಿ. ಸೋಯಾ ತೆಗೆದು 100 ಕೆ.ಜಿ. ಕಡಲೆಕಾಯಿ ಹಿಂಡಿ ಹಾಕಿದರೆ ಲೈಸಿನ್ 1.3 ಕೆ.ಜಿ. ಕಡಿಮೆ ಬೀಳುತ್ತದೆ. ಪೇಟೆಯಲ್ಲಿ ಸಿಗುವ ಲೈಸಿನ್ ಪುಡಿಯಲ್ಲಿ ನಿಜವಾದ ಲೈಸಿನ್ ಶೇಕಡ 78. ಆದ್ದರಿಂದ ಕೊರತೆ ತುಂಬಲು ಸುಮಾರು 1.7 ಕೆ.ಜಿ. ಪುಡಿ ಬೇಕು, ಜೊತೆಗೆ ಸ್ವಲ್ಪ ಮೆಥಿಯೋನಿನ್. ಬೆಲೆ ಹೋಲಿಸುವಾಗ ಒಂದು ಕಡೆ 100 ಕೆ.ಜಿ. ಸೋಯಾ, ಇನ್ನೊಂದು ಕಡೆ 100 ಕೆ.ಜಿ. ಕಡಲೆಕಾಯಿ ಹಿಂಡಿ, ಈ ಪುಡಿಗಳ ಬೆಲೆ ಮತ್ತು ವಿಷಪರೀಕ್ಷೆಯ ಖರ್ಚು ಎಲ್ಲವನ್ನೂ ಕೂಡಿಸಿ ಇಡಬೇಕು. ಆಗಲೂ ಅಗ್ಗವಾದರೆ ಅದು ನಿಜವಾಗಿ ಅಗ್ಗ.

ಇನ್ನೊಂದು ಲೆಕ್ಕವೂ ಇದೆ. ಎರಡು ಕೆ.ಜಿ. ತೂಕದ ಕೋಳಿ ಒಳ್ಳೆಯ ಆಹಾರದಲ್ಲಿ 1.6ರ ಪರಿವರ್ತನೆಯಲ್ಲಿ ಬೆಳೆದರೆ ತಿನ್ನುವುದು 3.2 ಕೆ.ಜಿ. ಆಹಾರ. ಕೆ.ಜಿ.ಗೆ 40 ರೂಪಾಯಿ ಎಂದಿಟ್ಟುಕೊಂಡರೆ 128 ರೂಪಾಯಿ. ಆಹಾರವನ್ನು 38 ರೂಪಾಯಿಗೆ ಇಳಿಸಿ, ಅದರಿಂದ ಪರಿವರ್ತನೆ 1.75ಕ್ಕೆ ಕೆಟ್ಟರೆ ಕೋಳಿ ತಿನ್ನುವುದು 3.5 ಕೆ.ಜಿ., ಖರ್ಚು 133 ರೂಪಾಯಿ. ಕೆ.ಜಿ.ಗೆ ಎರಡು ರೂಪಾಯಿ ಉಳಿಸಲು ಹೋಗಿ ಸಾವಿರ ಕೋಳಿಗೆ ಐದು ಸಾವಿರ ರೂಪಾಯಿ ಕಳೆದಂತಾಯಿತು. ಮಾರುವ ದಿನ ಮುಂದಕ್ಕೆ ಹೋಗುವುದು ಬೇರೆ.

ಈಗ ಈ ಸೀಮೆಯಲ್ಲಿ ಸಿಗುವ ವಸ್ತುಗಳನ್ನು ನೋಡಬಹುದು.

ಮೊದಲನೆಯದು ಕಡಲೆಕಾಯಿ ಹಿಂಡಿಯೇ. ಪಾವಗಡ, ಶಿರಾ, ಮಧುಗಿರಿಗಳ ಮಳೆಯಾಶ್ರಿತ ಕಡಲೆಕಾಯಿ ಈ ಜಿಲ್ಲೆಯ ಹಳೆಯ ಬೆಳೆ. ಹಿಂಡಿಗೆ ಕೊರತೆಯಿಲ್ಲ, ಕೋಳಿಯೂ ಇಷ್ಟಪಟ್ಟು ತಿನ್ನುತ್ತದೆ. ಇದರ ಶತ್ರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅದರಲ್ಲಿ ಬೆಳೆದ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆಮೇಲೆ. ಈ ವಿಷ ಹೆಚ್ಚಾದರೆ ಮರಿ ಸಾಯುತ್ತದೆ. ಕಡಿಮೆ ಇದ್ದಾಗ ಸಾಯುವುದಿಲ್ಲ, ಯಕೃತ್ತು ಹಳದಿಯಾಗಿ ಮೆತ್ತಗಾಗುತ್ತದೆ, ತೂಕ ಕುಂಠಿತವಾಗುತ್ತದೆ, ಕೊಕ್ಕರೆ ರೋಗಕ್ಕೂ ಗಂಬೋರೊ ರೋಗಕ್ಕೂ ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಲಸಿಕೆ ಕೆಟ್ಟದ್ದೆಂದು ದೂರುವವರು ಹಿಂಡಿಯ ಚೀಲವನ್ನೂ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಆದರೆ ನೋಡಿದ ಮಾತ್ರಕ್ಕೆ ವಿಷ ಕಾಣುವುದಿಲ್ಲ. ಬೂಷ್ಟು ಕಾಣಿಸದ ಹಿಂಡಿಯಲ್ಲೂ ವಿಷವಿರಬಹುದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. ಸಿದ್ಧ ಆಹಾರದಲ್ಲಿ ಇದು ನೂರು ಕೋಟಿಗೆ 20 ಭಾಗ, ಅಂದರೆ 20 ಪಿ.ಪಿ.ಬಿ. ಮೀರಬಾರದು. ಪರೀಕ್ಷೆಯಾದ ಹಿಂಡಿಯನ್ನು ಮುಗಿತಾಯದ ಆಹಾರದಲ್ಲಿ ಶೇಕಡ 10ರವರೆಗೆ ಬಳಸಬಹುದು. ಪರೀಕ್ಷೆಯಿಲ್ಲದ ಹಿಂಡಿಯನ್ನು, ಅದರಲ್ಲೂ ಮಳೆಗಾಲದ್ದನ್ನು, ಕೋಳಿಗೆ ಹಾಕದಿರುವುದೇ ಕ್ಷೇಮ. ಬೆಂಟೊನೈಟ್ ಮೊದಲಾದ ಜೇಡಿಯ ಪುಡಿಗಳು ಅಫ್ಲಾಟಾಕ್ಸಿನ್ನನ್ನು ಕರುಳಿನಲ್ಲಿ ಹಿಡಿದಿಡುತ್ತವೆ. ಹಾಗೆಂದು ಕೆಟ್ಟ ಹಿಂಡಿಗೆ ಜೇಡಿ ಬೆರೆಸಿ ಒಳ್ಳೆಯದು ಮಾಡಲಾಗದು.

ಎರಡನೆಯದು ಬಹಳ ಜನ ಗಮನಿಸದ ವಸ್ತು, ರೇಷ್ಮೆ ಹುಳು. ಕುಣಿಗಲ್ಲಿಗೆ ಮಾಗಡಿ, ರಾಮನಗರ ದೂರವಲ್ಲ. ಅಲ್ಲಿ ನೂಲು ಬಿಚ್ಚಾಣಿಕೆಯಾದ ಮೇಲೆ ಗೂಡಿನೊಳಗೆ ಉಳಿಯುವ ಹುಳು ಹಸಿ ಗೂಡಿನ ತೂಕದ ಬಹುಪಾಲು. ಒಣಗಿಸಿದ ಹುಳುವಿನಲ್ಲಿ ಸಸಾರಜನಕ ಶೇಕಡ 50ರ ಸುಮಾರು, ಜಿಡ್ಡು 25ರಿಂದ 30. ಎಣ್ಣೆ ತೆಗೆದರೆ ಸಸಾರಜನಕ 65ಕ್ಕೂ ಮೇಲೇರುತ್ತದೆ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿಗಳಲ್ಲಿ ಕಡಿಮೆ ಇರುವ ಲೈಸಿನ್ ಇದರಲ್ಲಿ ಹೆಚ್ಚಿದೆ, ಮೆಥಿಯೋನಿನ್ನೂ ಚೆನ್ನಾಗಿದೆ. ಮೀನಿನ ಪುಡಿಗೆ ಇದಕ್ಕಿಂತ ಒಳ್ಳೆಯ ಬದಲಿ ಈ ಸೀಮೆಯಲ್ಲಿ ಸಿಗಲಾರದು. ದೋಷಗಳೂ ಇವೆ. ಹುಳುವಿನ ಹೊರಸಿಪ್ಪೆಯಲ್ಲಿರುವ ಕೈಟಿನ್ ಎಂಬ ವಸ್ತುವೂ ಪರೀಕ್ಷೆಯಲ್ಲಿ ಸಸಾರಜನಕವೆಂದೇ ಲೆಕ್ಕಕ್ಕೆ ಬರುತ್ತದೆ, ಕೋಳಿಗೆ ಮಾತ್ರ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಹಸಿ ಹುಳು ಒಂದೆರಡು ದಿನದಲ್ಲಿ ಕೊಳೆತು ನಾರುತ್ತದೆ. ತಂದ ದಿನವೇ ತೆಳ್ಳಗೆ ಹರಡಿ ಗರಿಗರಿಯಾಗುವಂತೆ ಒಣಗಿಸಬೇಕು. ಎಣ್ಣೆ ತೆಗೆಯದ ಪುಡಿ ಬೇಗ ಕಮಟುತ್ತದೆ, ಆ ವಾಸನೆ ಮಾಂಸಕ್ಕೂ ಹಿಡಿಯಬಹುದು. ಆದಕಾರಣ ಎಣ್ಣೆ ತೆಗೆದ ಪುಡಿಯನ್ನೇ ಆರಿಸಿ, ಶೇಕಡ 5ರ ಮಿತಿಯಲ್ಲಿ ಬಳಸಬೇಕು. ಎಣ್ಣೆ ಇರುವುದಾದರೆ ಮಾರಾಟಕ್ಕೆ ಒಂದು ವಾರ ಮುಂಚೆ ನಿಲ್ಲಿಸಬೇಕು.

ತೆಂಗಿನ ಸೀಮೆಯಲ್ಲಿ ಕೊಬ್ಬರಿ ಹಿಂಡಿಯ ಮಾತು ಬಂದೇ ಬರುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ತಿನ್ನಲು ಹೋಗುವ ಸರಕು. ಹಿಂಡಿ ಬರುವುದು ಎಣ್ಣೆಯ ಗಾಣಗಳಿಂದ. ಇದರ ಸಸಾರಜನಕ ಶೇಕಡ 20ರಿಂದ 22 ಮಾತ್ರ, ಲೈಸಿನ್ ಕಡಿಮೆ, ನಾರು ಹೆಚ್ಚು. ಹಸುವಿಗೆ ಇದು ಉತ್ತಮ. ಮಾಂಸದ ಕೋಳಿಗೆ ಶೇಕಡ 5ಕ್ಕಿಂತ ಹೆಚ್ಚು ಹಾಕಿದರೆ ಬೆಳವಣಿಗೆ ಹಿಂದೆ ಬೀಳುತ್ತದೆ.

ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಬೂಷ್ಟಿನ ಭಯ ಕಡಿಮೆ. ಸಿಪ್ಪೆ ಸಮೇತದ ಹಿಂಡಿಯಲ್ಲಿ ನಾರು ಶೇಕಡ 20 ಮೀರುವುದರಿಂದ ಶಕ್ತಿ ಕಡಿಮೆಯಾಗುತ್ತದೆ. ಹಾಕಿದಷ್ಟೂ ಎಣ್ಣೆ ಸೇರಿಸಿ ಸರಿತೂಗಿಸಬೇಕಾದೀತು. ಎಳ್ಳು ಹಿಂಡಿ ಮೆಥಿಯೋನಿನ್ನಿನ ಭಂಡಾರ, ಲೈಸಿನ್ನಿನಲ್ಲಿ ಬಡವ. ಅದರಲ್ಲಿನ ಆಮ್ಲಗಳು ಸುಣ್ಣವನ್ನೂ ಸತುವನ್ನೂ ಕಟ್ಟಿಹಾಕುವುದರಿಂದ ಶೇಕಡ 5 ಸಾಕು. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಸ್ತುವಿದೆ. ಅನ್ನಭೇದಿಯಲ್ಲಿರುವ ಕಬ್ಬಿಣ ಅದನ್ನು ಕಟ್ಟುತ್ತದೆಯಾದರೂ ಪ್ರಮಾಣ ತಿಳಿಯದೆ ಕೈಹಾಕಬಾರದು.

ಈಚೆಗೆ ಎಥೆನಾಲ್ ಕಾರ್ಖಾನೆಗಳ ಒಣಗಸಿ ಪೇಟೆಗೆ ಧಾರಾಳವಾಗಿ ಬರುತ್ತಿದೆ. ಮುಸುಕಿನ ಜೋಳದ ಗಸಿಯಲ್ಲಿ ಸಸಾರಜನಕ ಶೇಕಡ 27ರಿಂದ 30, ಅಕ್ಕಿಯ ಗಸಿಯಲ್ಲಿ 40ರಿಂದ 45. ಬೆಲೆ ಸೋಯಾಕ್ಕಿಂತ ಇಳಿ. ಧಾನ್ಯದ ಪಿಷ್ಟವೆಲ್ಲ ಮದ್ಯಸಾರವಾಗಿ ಹೋಗುವುದರಿಂದ ಉಳಿದ ಗಸಿಯಲ್ಲಿ ಸಸಾರಜನಕ ಮೂರರಷ್ಟಾಗುತ್ತದೆ ನಿಜ. ಧಾನ್ಯದಲ್ಲಿದ್ದ ಬೂಷ್ಟಿನ ವಿಷವೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಬಣ್ಣ ಕಪ್ಪಗಾಗಿ ಸುಟ್ಟ ವಾಸನೆ ಇದ್ದರೆ ಕಾವು ಹೆಚ್ಚಾಗಿ ಲೈಸಿನ್ ಹಾಳಾಗಿದೆ ಎಂದೇ ತಿಳಿಯಬೇಕು. ಪರೀಕ್ಷಿಸಿದ, ಹೊಂಬಣ್ಣದ ಗಸಿಯನ್ನು ಶೇಕಡ 5ರಿಂದ ಆರಂಭಿಸಬಹುದು.

ಮಂಗಳೂರು, ಮಲ್ಪೆ ಕಡೆಯ ಮೀನಿನ ಪುಡಿ ಒಳ್ಳೆಯದಾಗಿದ್ದರೆ ಬಹಳ ಒಳ್ಳೆಯದು. ಆದರೆ ಮರಳು, ಉಪ್ಪು, ಯೂರಿಯಾಗಳ ಬೆರಕೆ ಈ ವಸ್ತುವಿಗೆ ಅಂಟಿದ ಹಳೆಯ ಜಾಡ್ಯ. ಪ್ರಯೋಗಶಾಲೆಯಲ್ಲಿ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಸಸಾರಜನಕವೆಂದು ಬರೆಯುತ್ತಾರೆ. ಯೂರಿಯಾದಲ್ಲಿ ಸಾರಜನಕ ಶೇಕಡ 46. ಹಾಗಾಗಿ 100 ಕೆ.ಜಿ. ಪುಡಿಗೆ ಎರಡು ಕೆ.ಜಿ. ಯೂರಿಯಾ ಸೇರಿಸಿದರೆ ವರದಿಯಲ್ಲಿ ಸಸಾರಜನಕ ಐದು ಅಂಶದಷ್ಟು ಏರಿಬಿಡುತ್ತದೆ. ಕೋಳಿಗೆ ಸಿಗುವುದು ಸೊನ್ನೆ. ಮಾದರಿ ಕೊಡುವಾಗ ಯೂರಿಯಾ ಪರೀಕ್ಷೆಯನ್ನೂ ಬರೆಸುವುದು ಇದಕ್ಕಾಗಿಯೇ.

ಅಜೋಲ ಬೆಳೆಸಿ ಕೋಳಿಗೆ ಹಾಕಬಹುದೇ ಎಂದು ಕೇಳುವವರು ಬಹಳ. ಹಿತ್ತಿಲಿನ ನಾಟಿ ಕೋಳಿಗೆ, ಗಿರಿರಾಜಕ್ಕೆ ಧಾರಾಳವಾಗಿ ಹಾಕಬಹುದು. ಮಾಂಸದ ಕೋಳಿಯ ಮಾತು ಬೇರೆ. ಸಾವಿರ ಕೋಳಿ ಕೊನೆಯ ವಾರಗಳಲ್ಲಿ ದಿನಕ್ಕೆ ಸುಮಾರು 150 ಕೆ.ಜಿ. ತಿನ್ನುತ್ತವೆ. ಅದರ ಶೇಕಡ 5 ಎಂದರೆ ಏಳೂವರೆ ಕೆ.ಜಿ. ಒಣ ಅಜೋಲ. ಹಸಿಯಲ್ಲಿ ಒಣಾಂಶ ಶೇಕಡ 6 ಎಂದರೂ ದಿನಕ್ಕೆ 125 ಕೆ.ಜಿ. ಹಸಿ ಅಜೋಲ ಬೇಕು. ಚದರ ಮೀಟರಿಗೆ ದಿನಕ್ಕೆ 200 ಗ್ರಾಂ ಇಳುವರಿಯಂತೆ 600 ಚದರ ಮೀಟರಿಗೂ ಮಿಕ್ಕಿದ ತೊಟ್ಟಿ! ಅಷ್ಟು ನೀರಿರುವ ರೈತ ಬೆಳ್ಳಾವಿ ಕಡೆ ಬೇರೇನಾದರೂ ಬೆಳೆದುಕೊಳ್ಳುವುದು ಲೇಸು.

ಹಾಕಲೇಬಾರದ ವಸ್ತುಗಳನ್ನೂ ಹೇಳಿಬಿಡಬೇಕು. ಹೊಂಗೆ ಹಿಂಡಿ, ಬೇವಿನ ಹಿಂಡಿ, ಹರಳು ಹಿಂಡಿ ಈ ಮೂರೂ ಹೊಲಕ್ಕೆ ಗೊಬ್ಬರ. ಹರಳು ಹಿಂಡಿಯ ವಿಷ ಪ್ರಾಣ ತೆಗೆಯುವಂಥದು. ಕೋಳಿ ಆಹಾರ ಅರೆಯುವ ಯಂತ್ರದಲ್ಲಿ ಅದನ್ನು ಅರೆಯಲೂ ಬಾರದು, ಅದು ತುಂಬಿದ್ದ ಚೀಲವನ್ನು ಆಹಾರಕ್ಕೆ ಬಳಸಲೂ ಬಾರದು. ಹಸಿ ಸೋಯಾ ಕಾಳು, ಹಸಿ ಹುರುಳಿಗಳಲ್ಲಿ ಸಸಾರಜನಕದ ಜೀರ್ಣವನ್ನೇ ತಡೆಯುವ ವಸ್ತುಗಳಿವೆ. ಹುರಿಯದೆ, ಬೇಯಿಸದೆ ಕೊಡಬಾರದು.

ಇನ್ನು ಕಿಣ್ವಗಳು. ಇವುಗಳ ಬಗ್ಗೆ ಹಳ್ಳಿಗಳಲ್ಲಿ ಎರಡು ಅತಿಗಳಿವೆ. ಕೆಲವರು ಇದೆಲ್ಲ ಕಂಪನಿಯವರ ಮೋಸ ಎನ್ನುತ್ತಾರೆ. ಕೆಲವರು ಒಂದು ಡಬ್ಬಿ ಹಾಕಿದರೆ ಎಂಥ ಹಿಂಡಿಯೂ ಸೋಯಾ ಆಗುತ್ತದೆ ಎಂದು ನಂಬುತ್ತಾರೆ. ಎರಡೂ ಸರಿಯಲ್ಲ. ಕಿಣ್ವ ಒಂದು ಕೀಲಿಕೈ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರುವುದನ್ನು ಅದು ತೆಗೆದುಕೊಡುತ್ತದೆ, ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ತುಂಬುವುದಿಲ್ಲ. ಒಂದು ಬೀಗದ ಕೀಲಿ ಇನ್ನೊಂದಕ್ಕೆ ಬರುವುದೂ ಇಲ್ಲ. 1950ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಾರ್ಲಿ ತಿಂದು ಅಂಟು ಹಿಕ್ಕೆ ಹಾಕುತ್ತ ಸೊರಗುತ್ತಿದ್ದ ಮರಿಗಳು ಕಿಣ್ವ ಬೆರೆಸಿದ ಮೇಲೆ ಚೇತರಿಸಿಕೊಂಡವು. ಬಾರ್ಲಿಯಲ್ಲಿದ್ದ ಅಂಟು ನಾರನ್ನು ಆ ಕಿಣ್ವ ಕತ್ತರಿಸಿತ್ತು. ಆ ಅಂಟೇ ಇಲ್ಲದ ಆಹಾರಕ್ಕೆ ಅದೇ ಕಿಣ್ವ ಹಾಕಿ ಫಲ ಕಾಯುವುದು ವ್ಯರ್ಥ.

ಎಲ್ಲಕ್ಕಿಂತ ಖಚಿತವಾಗಿ ಲಾಭ ಕೊಡುವುದು ಫೈಟೇಸ್. ಧಾನ್ಯ, ಹಿಂಡಿ, ತೌಡುಗಳಲ್ಲಿರುವ ರಂಜಕದ ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಕಟ್ಟುಬಿದ್ದಿರುತ್ತದೆ, ಕೋಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಸಾಲದು. 1991ರಿಂದ ಮಾರುಕಟ್ಟೆಗೆ ಬಂದ ಫೈಟೇಸ್ ಈ ಗಂಟನ್ನು ಬಿಚ್ಚುತ್ತದೆ. ಕೆ.ಜಿ. ಆಹಾರಕ್ಕೆ 500 ಘಟಕದಂತೆ ಹಾಕಿದರೆ ಶೇಕಡ 0.1ರಷ್ಟು ರಂಜಕ ಉಳಿತಾಯ. ಟನ್ನಿಗೆ ಒಂದು ಕೆ.ಜಿ. ರಂಜಕ, ಅಂದರೆ ಸುಮಾರು ಐದೂವರೆ ಕೆ.ಜಿ. ಡಿ.ಸಿ.ಪಿ. ಪುಡಿ. ಫೈಟೇಸ್ ಹಾಕಿಯೂ ಡಿ.ಸಿ.ಪಿ. ಇಳಿಸದಿದ್ದರೆ ಎರಡಕ್ಕೂ ಖರ್ಚು ಮಾಡಿದಂತೆ. ಸುಣ್ಣಕಲ್ಲಿನ ಪುಡಿ ಹೆಚ್ಚಾದರೆ ಫೈಟೇಸ್ ಸರಿಯಾಗಿ ಕೆಲಸ ಮಾಡದು.

ಅಕ್ಕಿ ತೌಡು, ಗೋಧಿ ಬೂಸಾ, ಸೂರ್ಯಕಾಂತಿ ಹಿಂಡಿ, ಒಣಗಸಿ ಇವುಗಳ ನಾರಿಗೆ ಕ್ಸೈಲನೇಸ್ ಬೇಕು. ಕೊಬ್ಬರಿ ಹಿಂಡಿಯ ನಾರು ಬೇರೆ ಜಾತಿಯದು, ಅದಕ್ಕೆ ಮ್ಯಾನನೇಸ್. ಗೋರಿಕಾಯಿ ಬೀಜದ ಹಿಂಡಿಗೂ ಇದೇ. ಪ್ರೋಟಿಯೇಸ್ ಸಸಾರಜನಕದ ಜೀರ್ಣವನ್ನು ಸ್ವಲ್ಪ ಹೆಚ್ಚಿಸುತ್ತದೆ, ಹಿಂಡಿಗಳು ಬೆರೆತ ಆಹಾರದಲ್ಲಿ ಇದರ ಫಲ ಕಾಣುವ ಸಂಭವ ಹೆಚ್ಚು. ಲೈಸಿನ್ ಕೊರತೆಯನ್ನು ಮಾತ್ರ ಇವಾವುವೂ ನೀಗುವುದಿಲ್ಲ.

ಕೊಳ್ಳುವಾಗ ಪೊಟ್ಟಣದ ಮೇಲೆ ಪ್ರತಿ ಗ್ರಾಮಿಗೆ ಎಷ್ಟು ಘಟಕ ಚಟುವಟಿಕೆ ಎಂದು ಬರೆದಿದೆಯೇ ನೋಡಬೇಕು. ಹತ್ತು ಕಿಣ್ವಗಳ ಹೆಸರು ಅಚ್ಚು ಹಾಕಿ ಘಟಕ ಬರೆಯದ ಪೊಟ್ಟಣವನ್ನು ಬಿಟ್ಟುಬಿಡಬೇಕು. ತಯಾರಿಕೆಯ ದಿನಾಂಕ ನೋಡಿ, ತಂಪಾದ ಒಣ ಜಾಗದಲ್ಲಿಡಬೇಕು, ಶೆಡ್ಡಿನ ತಗಡಿನ ಕೆಳಗಲ್ಲ. ಹಿಂಡಿದ ಗುಳಿಗೆ ಆಹಾರ ಮಾಡಿಸುವವರು ಕಾವು ತಡೆಯುವ ಬಗೆಯನ್ನೇ ಕೇಳಿ ಪಡೆಯಬೇಕು. ಪುಡಿ ಆಹಾರಕ್ಕೆ ಆ ತೊಂದರೆಯಿಲ್ಲ. ಟನ್ನಿಗೆ 50 ಅಥವಾ 100 ಗ್ರಾಂ ಹಾಕುವ ವಸ್ತುವನ್ನು ನೇರವಾಗಿ ರಾಶಿಗೆ ಸುರಿದರೆ ಒಂದು ಕೋಳಿಗೆ ಹತ್ತು ಪಟ್ಟು, ಒಂಬತ್ತು ಕೋಳಿಗೆ ಏನೂ ಇಲ್ಲ. ಮೊದಲು ಒಂದು ಕೆ.ಜಿ. ನುಣ್ಣನೆಯ ಜೋಳದ ಹಿಟ್ಟಿನಲ್ಲಿ, ಅದನ್ನು ಹತ್ತು ಕೆ.ಜಿ.ಯಲ್ಲಿ, ಆಮೇಲೆ ರಾಶಿಯಲ್ಲಿ ಬೆರೆಸಬೇಕು. ಲೈಸಿನ್, ಮೆಥಿಯೋನಿನ್‌ಗಳಿಗೂ ಇದೇ ಕ್ರಮ.

ಬದಲಿ ಆಹಾರಕ್ಕೆ ಕೈಹಾಕುವವರು ಮೊದಲ ಮೂರು ವಾರ ಮರಿಗಳ ಆಹಾರವನ್ನು ಮುಟ್ಟದಿರುವುದು ಒಳಿತು. ಎಳೆಯ ಮರಿಯ ಜೀರ್ಣಶಕ್ತಿ ಬಲಿತಿರುವುದಿಲ್ಲ, ಆಗ ತಪ್ಪಿದ ಬೆಳವಣಿಗೆ ಮತ್ತೆ ಪೂರ್ತಿ ಬರುವುದಿಲ್ಲ. ಕೋಳಿ ತನ್ನ ಆಯುಷ್ಯದಲ್ಲಿ ತಿನ್ನುವುದರ ಸುಮಾರು ಮೂರನೇ ಎರಡು ಭಾಗವನ್ನು ಮೂರು ವಾರದ ನಂತರವೇ ತಿನ್ನುತ್ತದೆ. ಉಳಿತಾಯಕ್ಕೆ ಜಾಗ ಇರುವುದೂ ಅಲ್ಲಿಯೇ. ಒಂದೇ ಸಲಕ್ಕೆ ಇಡೀ ಬ್ಯಾಚಿಗೆ ಬದಲಿಸದೆ, ಶೆಡ್ಡಿನ ಒಂದು ಮೂಲೆಯಲ್ಲಿ ತಡಿಕೆ ಕಟ್ಟಿ ನೂರು ಕೋಳಿಗೆ ಹೊಸ ಮಿಶ್ರಣ, ಪಕ್ಕದಲ್ಲಿ ಇನ್ನೊಂದು ನೂರಕ್ಕೆ ಹಳೆಯದು ಕೊಟ್ಟು, ಎರಡಕ್ಕೂ ಹಾಕಿದ ಆಹಾರ ತೂಗಿ ಬರೆದು, 21ನೆಯ ದಿನ ಮತ್ತು ಮಾರುವ ದಿನ ಕೋಳಿ ತೂಗಿದರೆ ಯಾರ ಮಾತನ್ನೂ ನಂಬಬೇಕಾದ್ದಿಲ್ಲ.

ಕಂಪನಿಯ ಗುತ್ತಿಗೆಯಲ್ಲಿ ಸಾಕುವವರಿಗೆ ಮರಿಯೂ ಆಹಾರವೂ ಕಂಪನಿಯದೇ. ಅವರು ತಾವಾಗಿ ಏನನ್ನೂ ಬೆರೆಸುವಂತಿಲ್ಲ, ಬೆರೆಸಲೂ ಬಾರದು. ಆದರೂ ಈ ವಿಷಯ ಅವರದಲ್ಲ ಎನ್ನುವಂತಿಲ್ಲ. ಸಾಕಣೆ ಕೂಲಿಯ ದರ ಆಹಾರ ಪರಿವರ್ತನೆಯ ಮೇಲೆ ನಿಂತಿರುವಾಗ, ಆಹಾರದಲ್ಲಿ ಬದಲಾವಣೆಯಾದರೆ ಅದರ ಪೆಟ್ಟು ಮೊದಲು ತಗಲುವುದು ಅವರಿಗೆ. ಚೀಲ ಇಳಿಸುವಾಗಲೇ ಬ್ಯಾಚಿನ ಸಂಖ್ಯೆ, ದಿನಾಂಕ ಬರೆದಿಟ್ಟು, ಬಣ್ಣ, ವಾಸನೆ ಬೇರೆಯಾಗಿದ್ದರೆ ಅಂದೇ ತಿಳಿಸಿ, ಪ್ರತಿ ಸರಕಿನಿಂದ ಅರ್ಧ ಕೆ.ಜಿ. ಮಾದರಿ ತೆಗೆದಿಟ್ಟುಕೊಂಡರೆ ಆಮೇಲೆ ಮಾತನಾಡಲು ಕೈಯಲ್ಲಿ ಆಧಾರವಿರುತ್ತದೆ.

ಮಾದರಿ ತೆಗೆಯುವ ರೀತಿಯೂ ಮುಖ್ಯ. ಬೂಷ್ಟಿನ ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ, ಒಂದು ಚೀಲದಲ್ಲಿದ್ದು ಹತ್ತರಲ್ಲಿ ಇಲ್ಲದಿರಬಹುದು. ಹತ್ತು ಹದಿನೈದು ಚೀಲಗಳ ಮೇಲೆ, ನಡುವೆ, ತಳದಲ್ಲಿ ಚೂಪು ಕೊಳವೆ ಚುಚ್ಚಿ ತೆಗೆದದ್ದನ್ನೆಲ್ಲ ಒಂದೆಡೆ ಚೆನ್ನಾಗಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಕಲಸಿ, ಹೀಗೆ ಅರ್ಧ ಕೆ.ಜಿ.ಗೆ ಇಳಿಸಬೇಕು. ತೇವ ಹಿಡಿಯದ ಕಾಗದದ ಚೀಲದಲ್ಲಿ ತುಂಬಿ, ಹಿಂಡಿಯ ಹೆಸರು, ಕೊಂಡ ದಿನ, ಬೇಕಾದ ಪರೀಕ್ಷೆಗಳಾದ ತೇವ, ಸಸಾರಜನಕ, ನಾರು, ಮರಳು, ಯೂರಿಯಾ, ಅಫ್ಲಾಟಾಕ್ಸಿನ್ ಇವನ್ನು ಬರೆದು ಲಗತ್ತಿಸಬೇಕು. ಎಲ್ಲಿ ಕೊಡಬೇಕೆಂಬುದನ್ನು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ವರದಿ ಕೈಗೆ ಬರುವವರೆಗೆ ಆ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಜೋಡಿಸಿಡಬೇಕು.